ಯುದ್ಧ ಬಂದಾಗ ತೆರೆಯುವ ಬಾಗಿಲು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ವಾರ್ಷಿಕೋತ್ಸವದಲ್ಲಿ ಮಾತಾಡು ಅಂತ ಕರೆದಾಗ ನನಗೆ "ಹೆಣ್ಣುಮಕ್ಕಳ ಶಿಕ್ಷಣ" ಅನ್ನೋ ವಿಷಯ ಕೊಟ್ಟಿದ್ರು. ಮಾತಾಡೋಳು ಹುಡುಗಿ ಅಂದ್ರೆ ವಿಷಯವೂ ಅದೇ! ನಾನು ಬೇರೆ ವಿಷಯ ಕೇಳಿ ತಗೊಂಡೆ: ಸೈನ್ಯ. ನಗಬೇಡಿ. ಕಾರಣ ನಮ್ಮ ಮನೆಯಲ್ಲೇ ಇದೆ.

ನನ್ನ ತಮ್ಮ ಅಗ್ನಿವೀರ್ ಭರ್ತಿಗೆ ಅಂತ ದಿನಾ ಓಡ್ತಾನೆ. ಅವನ ಜೊತೆ ನಮ್ಮ ಸಂಘದ ಇನ್ನೂ ನಾಲ್ಕು ಹುಡುಗರಿದ್ದಾರೆ. ಬೇರೆ ಊರುಗಳಲ್ಲಿ ಹುಡುಗರು ಬೆಳಗ್ಗೆ ನಾಲ್ಕೂವರೆಗೇ ಎದ್ದು ರಸ್ತೆಯಲ್ಲಿ ಓಡ್ತಾರಂತೆ. ಮಸಿನಗುಡಿಯಲ್ಲಿ ಆ ಹೊತ್ತಿಗೆ ರಸ್ತೆ ಆನೆಯದು, ನಮ್ಮದಲ್ಲ. ಹಾಗಾಗಿ ಚೆನ್ನಾಗಿ ಬೆಳಕಾದ ಮೇಲೆ ಮೈದಾನದಲ್ಲಿ ಸುತ್ತು ಹಾಕ್ತಾರೆ. ಒಟ್ಟು 1.6 ಕಿಲೋಮೀಟರ್. ನಾನು ಊಟಿ ಬಸ್ಸಿಗೆ ಕಾಯ್ತಾ ನಿಂತಿರುವಾಗ ಅವರು ಕಾಣಿಸ್ತಾರೆ. ನಾನು ಓದೋಕೆ ಹೋಗ್ತೀನಿ, ತಮ್ಮ ಓಡ್ತಾನೆ. ಒಂದು ಸಂಜೆ ಅವನೇ ಕೇಳಿದ: "ಅಕ್ಕಾ, ನಮ್ಮ ಮನೇಲಿ ಮುಂಚೆ ಯಾರಾದ್ರೂ ಮಿಲ್ಟ್ರೀಲಿ ಇದ್ರಾ? ಹೇಳ್ಕೊಳ್ಳೋಕೆ ಒಂದು ಹೆಸರು ಬೇಕು."

ಅಜ್ಜಿಯನ್ನ ಕೇಳಿದ್ವಿ. ಅಜ್ಜಿ ಸೊಪ್ಪು ಬಿಡಿಸ್ತಾ ಕೂತಿದ್ಲು. "ನಮ್ಮಪ್ಪ ಹೋಗಿದ್ದ ಕಣೋ, ಬರ್ಮಾ ಗಲಾಟೆ ಟೈಮಲ್ಲಿ" ಅಂದ್ಲು. ತಮ್ಮನ ಮುಖ ನೋಡಬೇಕಿತ್ತು! "ಕೋವಿ ಹಿಡಿದಿದ್ನಾ ಅಜ್ಜಿ?" ಅಂದ. "ಕೋವಿ ಎಲ್ಲಿಂದ ಬರಬೇಕು ಮಗ, ಗುದ್ದಲಿ ಹಿಡಿದಿದ್ದ. ರೋಡು ಹಾಕೋಕೆ ಕರ್ಕೊಂಡೋಗಿದ್ರು." ವಾಪಸ್ ಬಂದಾಗ ಅವನ ಕೈಲಿ ಒಂದು ಕಂಬಳಿ, ಒಂದು ತಟ್ಟೆ ಇತ್ತಂತೆ. ಮೈಯಲ್ಲಿ ಚಳಿಜ್ವರ ಇತ್ತು. ಕಾಗದ ಪತ್ರ ಏನೂ ಇಲ್ಲ. ಪಿಂಚಣಿ ಅನ್ನೋ ಮಾತೇ ಇಲ್ಲ. "ಯಾಕೆ ಹೋದ? ಬಲವಂತ ಮಾಡಿದ್ರಾ?" ಅಂತ ನಾನು ಕೇಳಿದೆ. ಅಜ್ಜಿ ಹೇಳಿದ್ದು ಇಷ್ಟು: "ಯಾರೂ ಬಲವಂತ ಮಾಡಲಿಲ್ಲ. ಇಲ್ಲಿ ಅಕ್ಕಿ ಇರಲಿಲ್ಲ. ಅಲ್ಲಿ ಕೊಡ್ತಿದ್ರು."

ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಬಲವಂತ ಇಲ್ಲ, ಆದರೆ ಅಕ್ಕಿ ಇಲ್ಲ. ಹಾಗಾದ್ರೆ ಅವನು ತಾನಾಗಿ ಹೋದ ಅನ್ನಬೇಕಾ? ಕಾಲೇಜು ಲೈಬ್ರರಿಯಲ್ಲಿ ಇದಕ್ಕೆ ಉತ್ತರ ಹುಡುಕ್ತಾ ಹೋದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡ್ತೀನಿ.

ಮೊದಲು ಆ ಕಾಲದ ಲೆಕ್ಕ. ಎರಡನೇ ಮಹಾಯುದ್ಧ ಶುರುವಾದ 1939ರಲ್ಲಿ ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿ ಸುಮಾರು 2 ಲಕ್ಷ ಜನ ಇದ್ದರು. 1945ಕ್ಕೆ ಅದು ಸುಮಾರು 25 ಲಕ್ಷ ಆಯಿತು. ಪ್ರಪಂಚದಲ್ಲೇ ಅತಿ ದೊಡ್ಡ ಸ್ವಯಂಸೇವಕ ಸೈನ್ಯ ಅಂತ ಪುಸ್ತಕಗಳಲ್ಲಿ ಹೆಮ್ಮೆಯಿಂದ ಬರೀತಾರೆ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಬಂಗಾಳದಲ್ಲಿ ಲಕ್ಷ ಲಕ್ಷ ಜನ ಹಸಿವಿನಿಂದ ಸತ್ತರು. ಅದೇ ಹೊತ್ತಿನಲ್ಲಿ ಎರಡು ಹೊತ್ತು ಊಟ ಗ್ಯಾರಂಟಿ ಇದ್ದ ಜಾಗ ಯಾವುದು? ಸೈನ್ಯ. ಅಜ್ಜಿ ಹೇಳಿದ್ದಕ್ಕೂ ಪುಸ್ತಕ ಹೇಳಿದ್ದಕ್ಕೂ ತಾಳೆ ಆಗುತ್ತೆ. ಪುಸ್ತಕದಲ್ಲಿ "ಸ್ವಯಂಸೇವಕ" ಅಂತಿದೆ, ಅಜ್ಜಿ "ಅಕ್ಕಿ" ಅಂದ್ಲು.

ಕಡ್ಡಾಯವಾಗಿ ಸೇವೆ ಮಾಡಬೇಕು ಅಂತ ಒಂದು ಕಾನೂನು ನಮ್ಮ ದೇಶದಲ್ಲಿ ಇದ್ದೇ ಇತ್ತು. ಯಾರಿಗೆ ಗೊತ್ತಾ? ಬಿಳಿಯರಿಗೆ. 1917ರ ಇಂಡಿಯನ್ ಡಿಫೆನ್ಸ್ ಫೋರ್ಸ್ ಕಾನೂನು ಇಲ್ಲಿದ್ದ ಯೂರೋಪಿಯನ್ನರಿಗೆ ಕಡ್ಡಾಯ, ಇಂಡಿಯನ್ನರಿಗೆ ಐಚ್ಛಿಕ. 1940ರಲ್ಲಿ ಮತ್ತೊಂದು ಕಾನೂನು ತಂದರು, ಅದರ ಹೆಸರಲ್ಲೇ "ಯೂರೋಪಿಯನ್ ಬ್ರಿಟಿಷ್ ಪ್ರಜೆಗಳು" ಅಂತ ಇದೆ. ನಮ್ಮ ಬೆಟ್ಟದ ಟೀ, ಕಾಫಿ ಎಸ್ಟೇಟುಗಳ ದೊರೆಗಳೂ ಅದರ ಲೆಕ್ಕಕ್ಕೆ ಬರುವವರೇ. ನನಗೆ ಇದು ಓದಿ ಮೊದಲು ನಗು ಬಂತು. ಆಮೇಲೆ ಅರ್ಥ ಆಯಿತು. ಹೊಟ್ಟೆ ತುಂಬಿದವನನ್ನು ಯುದ್ಧಕ್ಕೆ ಕಳಿಸೋಕೆ ಕಾನೂನು ಬೇಕು. ಹಸಿದವನಿಗೆ ಬೇಡ, ಮೇಸ್ತ್ರಿ ಬಂದು ಲೈನ್ ಮನೆ ಮುಂದೆ ನಿಂತು ಹೇಳಿದ್ರೆ ಸಾಕು.

ಇನ್ನು ಗುದ್ದಲಿಯ ವಿಷಯ. ಸೈನ್ಯ ಅಂದ್ರೆ ಕೋವಿ ಹಿಡಿದವರು ಅಂತ ನಾವು ತಿಳಿದಿದ್ದೀವಿ. ಒಂದನೇ ಮಹಾಯುದ್ಧದಲ್ಲಿ ಇಂಡಿಯಾದಿಂದ ಸೇರಿಸಿಕೊಂಡವರು 14 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನ ಕೋವಿ ಹಿಡಿಯದವರು. ಸರ್ಕಾರದ ಭಾಷೆಯಲ್ಲಿ ಅವರಿಗೆ "ಫಾಲೋವರ್" ಅಂತ ಹೆಸರು, ಅಂದ್ರೆ ಹಿಂದೆ ಹಿಂದೆ ಬರುವವರು. ನೀರು ಹೊರುವ ಭಿಸ್ತಿ, ಕಕ್ಕಸು ಬಳಿಯುವವನು, ಚಪ್ಪಲಿ ಹೊಲಿಯುವವನು, ಬಟ್ಟೆ ಒಗೆಯುವವನು, ಹೇಸರಗತ್ತೆ ನಡೆಸುವವನು, ಗಾಯ ಆದವರನ್ನು ಡೋಲಿಯಲ್ಲಿ ಹೊತ್ತು ತರುವವನು, ರಸ್ತೆ ಹಾಕುವ, ಹಡಗಿನಿಂದ ಮೂಟೆ ಇಳಿಸುವ ಕೂಲಿ. ಅವರಲ್ಲೂ ಮೇಲು ಕೀಳು ಇತ್ತು. ಹೇಸರಗತ್ತೆಯವನು, ಡೋಲಿಯವನು ಮೇಲಿನ ದರ್ಜೆ. ಕಸ ಗುಡಿಸುವವನು, ನೀರಿನವನು ಕೆಳಗಿನ ದರ್ಜೆ. ಸಂಬಳ ಕಡಿಮೆ, ಪಿಂಚಣಿ ಕಡಿಮೆ, ಮರ್ಯಾದೆ ಇನ್ನೂ ಕಡಿಮೆ. ಗುಂಡು ಮಾತ್ರ ಯಾರು ಫಾಲೋವರ್ ಯಾರು ಸಿಪಾಯಿ ಅಂತ ಕೇಳಿಕೊಂಡು ಬರುತ್ತಿರಲಿಲ್ಲ. ಊರಲ್ಲಿ ಕೇರಿ ಎಲ್ಲಿತ್ತೋ ಸೈನ್ಯದ ಕ್ಯಾಂಪಲ್ಲೂ ಕೇರಿ ಅಲ್ಲೇ ಇತ್ತು. ಮುಲ್ಕ್ ರಾಜ್ ಆನಂದ್ ಅವರ "ಅನ್‌ಟಚಬಲ್" ಕಾದಂಬರಿಯ ಬಾಖಾ ಕೂಡ ಕಂಟೋನ್ಮೆಂಟಿನ ಕಕ್ಕಸು ಬಳಿಯುವ ಹುಡುಗನೇ. ನಮ್ಮ ಬಿ.ಎ. ಇಂಗ್ಲಿಷ್ ಸಾಹಿತ್ಯದವರು ಅದನ್ನು ಪರೀಕ್ಷೆಗೆ ಓದ್ತಾರೆ. ಒಮ್ಮೆ ಪರೀಕ್ಷೆ ಇಲ್ಲದಾಗಲೂ ಓದಿ.

ಕೂಲಿಗಳು ಸಾಲದೇ ಬಂದಾಗ ಏನು ಮಾಡಿದ್ರು? 1916ರಿಂದ ಜೈಲುಗಳಿಂದ ಕೈದಿಗಳನ್ನು ಮೆಸೊಪೊಟೇಮಿಯಾಕ್ಕೆ, ಅಂದ್ರೆ ಇವತ್ತಿನ ಇರಾಕಿಗೆ, ಮೂಟೆ ಹೊರೋಕೆ ಸಾಗಿಸಿದರು. 1917ರಲ್ಲಿ ಈಶಾನ್ಯದ ಗುಡ್ಡಗಳ ಬುಡಕಟ್ಟು ಜನರನ್ನು ಫ್ರಾನ್ಸಿಗೆ ಕಳಿಸಿದರು. ಮಣಿಪುರದ ಕುಕಿ ಜನ "ನಮ್ಮ ಹುಡುಗರನ್ನ ಕೊಡಲ್ಲ" ಅಂತ ಎದ್ದು ನಿಂತರು. 1917ರಿಂದ 1919ರ ತನಕ ಅಲ್ಲಿ ಯುದ್ಧವೇ ಆಯಿತು, ಅವರ ಹಳ್ಳಿಗಳನ್ನು ಸುಟ್ಟರು. ನಮ್ಮ ಜಿಲ್ಲೆಯ ಪಣಿಯ, ಇರುಳ, ಕುರುಂಬ ಅಣ್ಣತಮ್ಮಂದಿರು ಇಲ್ಲಿ ಕೂತಿದ್ದೀರಿ, ನಿಮಗೆ ಇದು ಹೇಳಲೇಬೇಕು ಅನ್ನಿಸಿತು. ಬೆಟ್ಟದ ಜನರನ್ನು ಕೇಳದೇ ಬೆಟ್ಟದಿಂದ ಇಳಿಸೋದು ಹೊಸ ಕಥೆಯಲ್ಲ.

ಈಗ ನೀವು ಕೇಳಬಹುದು, ನಮ್ಮವರಿಗೆ ಕೋವಿ ಹಿಡಿಯೋಕೆ ಬರುತ್ತಿರಲಿಲ್ಲವಾ ಅಂತ. ಬರುತ್ತಿತ್ತು! ಅಲ್ಲೇ ಇರೋದು ಅನ್ಯಾಯ. ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿನಲ್ಲಿ ಸೈನ್ಯ ಕಟ್ಟುವಾಗ ಪರಯರನ್ನು ಧಾರಾಳವಾಗಿ ಸೇರಿಸಿಕೊಂಡಿತು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲೂ ಅವರು ಇದ್ದರು. ಬೊಂಬಾಯಿ ಕಡೆ ಮಹಾರರು ಇದ್ದರು. ಭೀಮಾ ಕೋರೆಗಾಂವ್ ನಿಮಗೆಲ್ಲ ಗೊತ್ತು, 1818ರ ಜನವರಿ 1, ಪೇಶ್ವೆಯ ಸೈನ್ಯದ ಎದುರು. ಆ ಕಂಬದ ಮೇಲೆ ಮಹಾರ್ ಸಿಪಾಯಿಗಳ ಹೆಸರು ಕೆತ್ತಿದೆ. ಪ್ರತಿ ಹೊಸ ವರ್ಷಕ್ಕೆ ನಾವು ವಾಟ್ಸಾಪಿನಲ್ಲಿ ಆ ಕಂಬದ ಫೋಟೋ ಹಾಕ್ತೀವಿ. ಆದ್ರೆ ಕಂಬದ ನಂತರ ಏನಾಯ್ತು ಅನ್ನೋದನ್ನ ಹಾಕಲ್ಲ.

ದೇಶ ಗೆದ್ದು ಮುಗಿದ ಮೇಲೆ ಬ್ರಿಟಿಷರಿಗೆ ಹೊಸ ಜ್ಞಾನೋದಯ ಆಯಿತು. ಕೆಲವು ಜಾತಿಗಳು ಹುಟ್ಟಿನಿಂದಲೇ ಯುದ್ಧಕ್ಕೆ ಲಾಯಕ್ಕು, ಉಳಿದವರು ನಾಲಾಯಕ್ಕು ಅಂತ. ಇದಕ್ಕೆ "ಮಾರ್ಷಲ್ ರೇಸ್" ಅಂತ ಹೆಸರಿಟ್ಟರು. ಇದನ್ನು ಗಟ್ಟಿ ಮಾಡಿದವನು ಲಾರ್ಡ್ ರಾಬರ್ಟ್ಸ್. ಮೊದಲು ಮದ್ರಾಸ್ ಸೈನ್ಯದ, 1885ರಿಂದ ಇಡೀ ಇಂಡಿಯಾ ಸೈನ್ಯದ ದಂಡನಾಯಕ. ದಕ್ಷಿಣದವರು ಮೆತ್ತಗಾಗಿದ್ದಾರೆ, ಉತ್ತರದ ಎತ್ತರದ ಆಳುಗಳೇ ಬೇಕು ಅಂದ. ನಮ್ಮ ದೇಶದ ಮೇಲ್ಜಾತಿಯವರು ಸಾವಿರಾರು ವರ್ಷ ಹೇಳಿದ್ದನ್ನೇ ಅವನು ಇಂಗ್ಲಿಷಿನಲ್ಲಿ ಹೇಳಿದ ಅಷ್ಟೆ. 1890ರ ದಶಕದ ಶುರುವಿನಲ್ಲಿ ಮಹಾರರ ಭರ್ತಿ ನಿಂತಿತು. ಮದ್ರಾಸಿನ ಪದಾತಿ ದಳಗಳು ಕರಗುತ್ತಾ ಹೋದವು.

ಆ ಹೊತ್ತಿನಲ್ಲಿ ಮಹೂ ಎಂಬ ಕಂಟೋನ್ಮೆಂಟಿನಲ್ಲಿ ಒಬ್ಬ ಸುಬೇದಾರರು ಇದ್ದರು. ರಾಮ್‌ಜಿ ಸಕ್ಪಾಲ್. 1891ರಲ್ಲಿ ಅವರಿಗೆ ಹದಿನಾಲ್ಕನೇ ಮಗು ಹುಟ್ಟಿತು. ಆ ಮಗು ಯಾರು ಅಂತ ನಾನು ಹೇಳಬೇಕಾಗಿಲ್ಲ, ಈ ವೇದಿಕೆಯ ಹಿಂದೆ ಚಿತ್ರ ಇದೆ. ಸೈನ್ಯದಲ್ಲಿ ಸಿಪಾಯಿಗಳ ಮಕ್ಕಳಿಗೆ ಶಾಲೆ ಇತ್ತು, ರಾಮ್‌ಜಿ ಅವರೇ ಅಲ್ಲಿ ಮೇಷ್ಟ್ರಾಗಿದ್ದರು. ಅಸ್ಪೃಶ್ಯನ ಮನೆಯಲ್ಲಿ ಪುಸ್ತಕ ಇತ್ತು ಅಂದ್ರೆ ಅದಕ್ಕೆ ಆ ನೌಕರಿ ಕಾರಣ. ಭರ್ತಿ ನಿಂತಾಗ ನಿಂತು ಹೋಗಿದ್ದು ಬರೀ ಸಂಬಳ ಅಂತ ತಿಳಿಯಬೇಡಿ. ಶಾಲೆ ನಿಂತಿತು, ಪಿಂಚಣಿ ನಿಂತಿತು, ಯೂನಿಫಾರಂ ಹಾಕಿ ಊರೊಳಗೆ ನಡೆಯುವ ಧೈರ್ಯ ನಿಂತಿತು. ಅದಕ್ಕೇ ಗೋಪಾಲ್ ಬಾಬಾ ವಲಂಗ್ಕರ್ ಅನ್ನೋ ಪಿಂಚಣಿದಾರ ಸಿಪಾಯಿ 1894ರಲ್ಲಿ ಅರ್ಜಿ ಬರೆದರು, ಆಮೇಲೆ ಶಿವರಾಮ್ ಜಾನ್ಬಾ ಕಾಂಬ್ಳೆ 1910ರಲ್ಲಿ ಬರೆದರು: ನಮ್ಮನ್ನು ಮತ್ತೆ ಸೇರಿಸಿಕೊಳ್ಳಿ ಅಂತ. ಶಾಂತಿ ಕಾಲದಲ್ಲಿ ಆ ಅರ್ಜಿಗಳಿಗೆ ಯಾರೂ ಕಿವಿಗೊಡಲಿಲ್ಲ.

ಯುದ್ಧ ಬಂತು, ಕಿವಿ ಬಂತು. 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿಯಿತು, 1921ರ ಹೊತ್ತಿಗೆ ಬರಖಾಸ್ತು. ಮದ್ರಾಸ್ ದಳಗಳದೂ ಅದೇ ಕಥೆ, 1920ರ ದಶಕದಲ್ಲಿ ಖರ್ಚು ಕಡಿಮೆ ಮಾಡಬೇಕು ಅಂತ ವಿಸರ್ಜಿಸಿದರು. ಮತ್ತೆ ಯುದ್ಧ ಬಂತು. 1941ರ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದರು. ಎಲ್ಲಿ ಗೊತ್ತಾ? ನಮ್ಮ ಕನ್ನಡನಾಡಿನ ಬೆಳಗಾವಿಯಲ್ಲಿ. ಅವರ ಟೋಪಿಯ ಬಿಲ್ಲೆಯ ಮೇಲೆ ಕೋರೆಗಾಂವ್ ಕಂಬವನ್ನೇ ಹಾಕಿದ್ದರು. ಮದ್ರಾಸ್ ರೆಜಿಮೆಂಟನ್ನೂ ಅದೇ ಹೊತ್ತಿನಲ್ಲಿ ಮತ್ತೆ ಎಬ್ಬಿಸಿದರು. ಉತ್ತರದಲ್ಲಿ 1943ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿದರು. ಅವರು ಕೊಹಿಮಾದಲ್ಲಿ ಜಪಾನಿಯರ ಎದುರು ಹೋರಾಡಿ ಗೌರವ ಪಡೆದರು. 1946ರಲ್ಲಿ ಅದು ಬರಖಾಸ್ತು, ಇವತ್ತಿಗೂ ಮತ್ತೆ ಕಟ್ಟಿಲ್ಲ.

ನೀವು ಇದನ್ನು ಸಾಲಾಗಿ ಇಟ್ಟು ನೋಡಿ. ಯುದ್ಧ ಬಂದಾಗ ನಮ್ಮ ಎದೆ ಅಳತೆಗೆ ಸರಿಹೋಗುತ್ತೆ. ಯುದ್ಧ ಮುಗಿದಾಗ ನಮ್ಮ ರಕ್ತ ಸರಿಯಿಲ್ಲ. ನಮ್ಮ ಎದೆಯೂ ಬದಲಾಗಲಿಲ್ಲ, ರಕ್ತವೂ ಬದಲಾಗಲಿಲ್ಲ.

ನಮ್ಮ ಸಂಘದಲ್ಲಿ ಈ ಬಗ್ಗೆ ಎರಡು ಅಭಿಪ್ರಾಯ ಇದೆ. ಕೆಲವು ಅಣ್ಣಂದಿರು "ನಮ್ಮನ್ನ ಸೈನ್ಯಕ್ಕೆ ಸರಿಯಾಗಿ ಸೇರಿಸಿಕೊಳ್ಳಲ್ಲ" ಅಂತಾರೆ. ಇನ್ನು ಕೆಲವರು "ಸಾಯೋಕೆ ಮಾತ್ರ ಬಡವರ ಮಕ್ಕಳು ಬೇಕು" ಅಂತಾರೆ. ಟೀ ಅಂಗಡಿಯಲ್ಲಿ ಇದರ ಮೇಲೆ ಜಗಳ ಆಗಿದೆ, ಗ್ಲಾಸೂ ಒಡೆದಿದೆ. ನನಗೆ ಅನ್ನಿಸೋದು, ಇವೆರಡೂ ಒಂದೇ ದೂರು. ಯಾವಾಗ ಒಳಗೆ ಕರೀಬೇಕು, ಎಲ್ಲಿ ನಿಲ್ಲಿಸಬೇಕು, ಯಾವಾಗ ಹೊರಗೆ ಕಳಿಸಬೇಕು ಅನ್ನೋದನ್ನ ತೀರ್ಮಾನ ಮಾಡುವ ಮೇಜಿನ ಸುತ್ತ ನಾವಿಲ್ಲ. ಬಾಬಾಸಾಹೇಬರು ಅದನ್ನು ಕಂಡಿದ್ದರು. 1941ರಲ್ಲಿ ವೈಸರಾಯ್ ಅವರ ರಾಷ್ಟ್ರೀಯ ರಕ್ಷಣಾ ಮಂಡಳಿಗೆ ಸೇರಿದರು, ಮಹಾರರಿಗೆ ಸೈನ್ಯ ಸೇರಿ ಅಂದರು, ಜೊತೆಗೇ ನಮಗೆ ನಮ್ಮದೇ ದಳ ಬೇಕು ಅಂತ ಹಟ ಹಿಡಿದರು. 1940ರ "ಥಾಟ್ಸ್ ಆನ್ ಪಾಕಿಸ್ತಾನ್" ಪುಸ್ತಕದಲ್ಲಿ ಸೈನ್ಯದಲ್ಲಿ ಯಾವ ಪ್ರಾಂತದವರು, ಯಾವ ಸಮುದಾಯದವರು ಎಷ್ಟು ಅಂತ ಅಂಕಿ ಅಂಶ ಇಟ್ಟು ಬರೆದರು. ಹೋಗಿ ಅನ್ನುವಾಗಲೂ ಲೆಕ್ಕ ಕೇಳಿದರು. ನಾವು ಹೋಗಿ ಅಂತೀವಿ, ಇಲ್ಲ ಬೇಡ ಅಂತೀವಿ. ಲೆಕ್ಕ ಕೇಳಲ್ಲ.

ನಮ್ಮ ಬೆಟ್ಟಕ್ಕೆ ಬರ್ತೀನಿ. ಕೂನೂರಿನ ಪಕ್ಕದ ವೆಲ್ಲಿಂಗ್ಟನ್ ಎಲ್ಲರೂ ನೋಡಿದ್ದೀರಿ. ಬ್ರಿಟಿಷರು 1850ರ ದಶಕದಲ್ಲಿ ಬ್ಯಾರಕ್ ಕಟ್ಟುವ ಮೊದಲು ಅದು ಜಗತಳ ಹಟ್ಟಿಯ ಕಡೆಯ ಜಾಗ. 1947ರಿಂದ ಮದ್ರಾಸ್ ರೆಜಿಮೆಂಟಿನ ಕೇಂದ್ರ ಅಲ್ಲಿದೆ. ಅವರ ಘೋಷಣೆಯ "ಅಡಿ ಕೊಲ್ಲು" ಕೇಳಿದ್ರೆ ನಮ್ಮಂಥ ಕನ್ನಡದವರಿಗೂ ಅರ್ಧ ಅರ್ಥ ಆಗುತ್ತೆ. ಅಲ್ಲಿ ಈಗ ದಕ್ಷಿಣದ ರಾಜ್ಯಗಳ ಎಲ್ಲ ಜಾತಿಯವರೂ ಒಂದೇ ಸಾಲಲ್ಲಿ ಊಟಕ್ಕೆ ಕೂರ್ತಾರೆ. ಇದು ಸಣ್ಣ ವಿಷಯ ಅಲ್ಲ, ಎಷ್ಟೋ ಊರ ಹಬ್ಬದಲ್ಲಿ ಇವತ್ತಿಗೂ ಅದು ಇಲ್ಲ. ಅದನ್ನು ಹೇಳದೇ ಬರೀ ಬೈದರೆ ಸುಳ್ಳಾಗುತ್ತೆ. ಆದರೆ ಸಿಪಾಯಿ, ಆಫೀಸರ್ ಭರ್ತಿಯಲ್ಲಿ ಪರಿಶಿಷ್ಟ ಜಾತಿ, ಪಂಗಡಕ್ಕೆ ಮೀಸಲಾತಿ ಇಲ್ಲ. 1971ರ ಯುದ್ಧದಲ್ಲಿ ರಕ್ಷಣಾ ಮಂತ್ರಿಯಾಗಿದ್ದವರು ಬಾಬು ಜಗಜೀವನ್ ರಾಮ್, ನಮ್ಮವರೇ. ಆಗಲೂ ಬರಲಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅಂತಲೂ ಅಲ್ಲ. ಅಮೆರಿಕ ವಿಯೆಟ್ನಾಂ ಮೇಲೆ ಯುದ್ಧ ಮಾಡುವಾಗ ಅಲ್ಲಿ ಕಡ್ಡಾಯ ಭರ್ತಿ ಇತ್ತು. ಆದ್ರೆ ಕಾಲೇಜಿನಲ್ಲಿ ಓದ್ತಿದ್ರೆ ಸದ್ಯಕ್ಕೆ ಬಿಡ್ತಿದ್ರು. ಕಾಲೇಜಿಗೆ ಹೋಗೋಕೆ ಆಗದ ಬಡವರ ಮಕ್ಕಳು, ಕಪ್ಪು ಜನರ ಮಕ್ಕಳು ಹೋದರು. 1966ರಲ್ಲಿ ಇನ್ನೊಂದು ಯೋಜನೆ ತಂದು, ಪರೀಕ್ಷೆಯಲ್ಲಿ ಮೊದಲು ಫೇಲ್ ಮಾಡ್ತಿದ್ದವರನ್ನೂ ಸೇರಿಸಿಕೊಂಡರು, ಹಾಗೆ ಮೂರು ಲಕ್ಷಕ್ಕೂ ಹೆಚ್ಚು ಹುಡುಗರು. ಮಾರ್ಟಿನ್ ಲೂಥರ್ ಕಿಂಗ್ 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ಚರ್ಚಿನಲ್ಲಿ ಇದನ್ನೇ ಎತ್ತಿ ಮಾತಾಡಿದರು. ಅದೇ ತಿಂಗಳು ಬಾಕ್ಸರ್ ಮಹಮ್ಮದ್ ಅಲಿ ಹೋಗಲ್ಲ ಅಂದುಬಿಟ್ಟ. ಇದನ್ನು ಓದುವಾಗ ನನಗೆ ಬಸ್ ಸ್ಟಾಪ್ ನೆನಪಾಯಿತು. ಅಲ್ಲಿ ಹುಟ್ಟಿದ್ರೆ ನನ್ನಂಥ ಓದುವವರು ಬಚಾವ್. ಪ್ಲಸ್ ಟು ಅರ್ಧಕ್ಕೆ ನಿಂತ ನನ್ನ ತಮ್ಮ ಹೋಗಬೇಕಿತ್ತು. ನಮ್ಮಿಬ್ಬರಿಗೂ ಒಂದೇ ಅಪ್ಪ ಅಮ್ಮ, ಒಂದೇ ಅನ್ನ. ನನ್ನ ಫೀಸು ಕಟ್ಟೋಕೆ ಅವನು ಒಂದು ವರ್ಷ ರೆಸಾರ್ಟಿನಲ್ಲಿ ಪಾತ್ರೆ ತೊಳೆದ. ಇದನ್ನ ವೇದಿಕೆ ಮೇಲೆ ಹೇಳಬೇಡ ಅಂದಿದ್ದ. ಹೇಳಿಬಿಟ್ಟೆ.

ಈಚಿನದು ನೋಡಿ. 2022ರ ಸೆಪ್ಟೆಂಬರಿನಲ್ಲಿ ರಷ್ಯಾ ಮೂರು ಲಕ್ಷ ಜನರನ್ನು ಯುದ್ಧಕ್ಕೆ ಕರೆಯಿತು. ಮಾಸ್ಕೋ ನಗರಕ್ಕಿಂತ ಬುರ್ಯಾತಿಯಾ, ತುವಾ ಥರದ ದೂರದ, ಬಡ, ಬೇರೆ ಬುಡಕಟ್ಟಿನ ಜನರ ಪ್ರಾಂತಗಳಲ್ಲಿ ತಲೆಲೆಕ್ಕಕ್ಕೆ ಸಾವು ಹೆಚ್ಚು. ದಾಗೆಸ್ತಾನದಲ್ಲಿ ತಾಯಂದಿರು ರಸ್ತೆಗೆ ಇಳಿದು ಪೊಲೀಸರ ಎದುರು ನಿಂತರು. ಅದು ದೂರದ ಮಾತು ಅನ್ನಬೇಡಿ. 2024ರ ಫೆಬ್ರವರಿಯಲ್ಲಿ ಪೇಪರಿನಲ್ಲಿ ಬಂತು, ಕಲಬುರಗಿ ಕಡೆಯ ಹುಡುಗರು ಅದೇ ಯುದ್ಧದಲ್ಲಿ ಸಿಕ್ಕಿಬಿದ್ದಿದ್ದಾರೆ ಅಂತ. ಸೆಕ್ಯುರಿಟಿ ಕೆಲಸ, ಸಹಾಯಕನ ಕೆಲಸ, ಒಳ್ಳೆ ಸಂಬಳ ಅಂತ ಏಜೆಂಟರು ನಂಬಿಸಿ ಕಳಿಸಿದ್ದರು. ಅಲ್ಲಿ ಹೋದ ಮೇಲೆ ಸೈನ್ಯಕ್ಕೆ ನೂಕಿದರು. ಸಿ.ಬಿ.ಐ. ಕೇಸು ಆಯಿತು, ಪ್ರಧಾನಿ ಮಾತಾಡಿದರು, ಆ ಸೆಪ್ಟೆಂಬರಿನಲ್ಲಿ ಅವರು ಜೀವಂತ ವಾಪಸ್ ಬಂದರು. ಗುಜರಾತಿನ, ಹೈದರಾಬಾದಿನ ಹುಡುಗರು ಹೆಣವಾಗಿ ಬಂದರು. ಕಲಬುರಗಿಯಲ್ಲಿ ಕೈಗೆ ಕೆಲಸ ಇದ್ದಿದ್ರೆ ಅವರು ಆ ಏಜೆಂಟರ ಮಾತು ಕೇಳ್ತಿದ್ರಾ? ನಮ್ಮಜ್ಜಿಯ ಅಪ್ಪನಿಗೆ ಅಕ್ಕಿ, ಇವರಿಗೆ ಸಂಬಳ.

ಈಗ ನನ್ನ ತಮ್ಮನ ವಿಷಯ. ಅಗ್ನಿಪಥ್ ಯೋಜನೆ 2022ರ ಜೂನ್ 14ರಂದು ಘೋಷಣೆ ಆಯಿತು. ನಾಲ್ಕು ವರ್ಷದ ಕೆಲಸ. ಮೊದಲ ವರ್ಷ ತಿಂಗಳಿಗೆ 30,000 ಅಂತ ಲೆಕ್ಕ, ಕೈಗೆ ಬರೋದು 21,000. ಉಳಿದದ್ದನ್ನ ಹಿಡಿದಿಟ್ಟು, ಸರ್ಕಾರ ಅಷ್ಟೇ ಸೇರಿಸಿ, ಕೊನೆಗೆ 11 ಲಕ್ಷ 71 ಸಾವಿರದಷ್ಟು ಒಟ್ಟಿಗೆ ಕೊಡ್ತಾರೆ. ನಾಲ್ಕು ವರ್ಷದ ನಂತರ ನೂರರಲ್ಲಿ 25 ಜನರವರೆಗೆ ಉಳಿಸಿಕೊಳ್ತಾರೆ. ಉಳಿದವರಿಗೆ ಪಿಂಚಣಿ ಇಲ್ಲ. ಎಸ್ಟೇಟ್ ಕೂಲಿ ನೋಡಿದವರಿಗೆ 21,000 ದೊಡ್ಡ ದುಡ್ಡು, ನಾನು ಇಲ್ಲ ಅನ್ನಲ್ಲ. ಆದರೆ ನಮ್ಮ ಹಿಂದಿನ ಮೂರು ತಲೆಮಾರು ಸೈನ್ಯದಿಂದ ಬಯಸಿದ್ದು ಏನನ್ನ? ಪಿಂಚಣಿಯನ್ನ, ಮಕ್ಕಳ ಶಾಲೆಯನ್ನ. ಸುಬೇದಾರರ ಮನೆಯಲ್ಲಿ ಪುಸ್ತಕ ತಂದಿಟ್ಟದ್ದು ಅದೇ. ಎಲ್ಲ ಜಾತಿಗೂ ಬಾಗಿಲು ತೆರೆದಿದೆ ಅನ್ನುವ ಹೊತ್ತಿಗೆ ಒಳಗಿದ್ದ ಗಂಟು ಚಿಕ್ಕದಾಗಿದೆ.

ತಮ್ಮನಿಗೆ ಹೋಗಬೇಡ ಅಂತ ನಾನು ಹೇಳಿಲ್ಲ. ಹೇಳುವ ಹಕ್ಕು ನನಗಿಲ್ಲ, ಮನೆಯ ಸಾಲ ನಾನು ತೀರಿಸ್ತಿಲ್ಲ. ಅವನಿಗೆ ಹೇಳಿದ್ದು ಒಂದೇ: ಸಹಿ ಹಾಕುವ ಪ್ರತಿ ಕಾಗದದ ಜೆರಾಕ್ಸ್ ಮನೆಗೆ ಕಳಿಸು. "ಯಾಕಕ್ಕಾ, ನಂಬಿಕೆ ಇಲ್ವಾ?" ಅಂದ. ಅಜ್ಜಿಯ ಅಪ್ಪನದು ಒಂದು ಕಾಗದವೂ ಇಲ್ಲ ಕಣೋ ಅಂದೆ. ಸುಮ್ಮನಾದ.

ಕೊನೆಗೆ ಒಂದು ಕೆಲಸದ ಮಾತು. ನಮ್ಮ ಕೇರಿಗಳಿಂದ, ಎಸ್ಟೇಟ್ ಲೈನುಗಳಿಂದ ಯಾವ ಯುದ್ಧಕ್ಕೇ ಆಗಲಿ, ಕೋವಿ ಹಿಡಿದಾದರೂ ಗುದ್ದಲಿ ಹಿಡಿದಾದರೂ ಹೋದವರ ಹೆಸರು ಬರೆದಿಡೋಕೆ ಸಂಘದ ಕೋಣೆಯಲ್ಲಿ ಒಂದು ಲೆಡ್ಜರ್ ಪುಸ್ತಕ ಇಟ್ಟಿದ್ದೀವಿ. ಅರುವಂಕಾಡು ಮದ್ದಿನ ಕಾರ್ಖಾನೆಯಲ್ಲಿ ದುಡಿದವರದೂ ಬರೆಸಬಹುದು, ಆ ಮದ್ದೂ ಯುದ್ಧಕ್ಕೇ ಹೋಗಿದ್ದು. ಹಳೇ ಟ್ರಂಕಿನಲ್ಲಿ ಮೆಡಲ್, ಡಿಸ್ಚಾರ್ಜ್ ಪುಸ್ತಕ, ಫೋಟೋ ಇದ್ರೆ ತನ್ನಿ, ಮೊಬೈಲಲ್ಲಿ ಫೋಟೋ ತೆಗೆದು ವಾಪಸ್ ಕೊಡ್ತೀವಿ. ಏನೂ ಇಲ್ಲದಿದ್ರೆ ಮನೆಯ ಅಜ್ಜಿಯನ್ನ ಕರ್ಕೊಂಡು ಬನ್ನಿ. ಭಾನುವಾರ ಮಧ್ಯಾಹ್ನ ಮೂರರಿಂದ ಐದರ ತನಕ ನಾನು ಅಲ್ಲಿರ್ತೀನಿ. ಮೊದಲನೇ ಸಾಲು ನಮ್ಮ ಮನೆಯದೇ ಬರೆದಿದ್ದೀನಿ. ಹೋದ ಜಾಗ: ಬರ್ಮಾ ಕಡೆ. ಕೆಲಸ: ರಸ್ತೆ. ನಂಬರ್ ಅನ್ನೋ ಕಡೆ ಗೆರೆ ಎಳೆದಿದ್ದೀನಿ. ಎರಡನೇ ಸಾಲಿನಿಂದ ಖಾಲಿ ಇದೆ.